ಹೂಂ ಅನ್ನದ ಸೋಮವಾರ

ನನ್ನ ಬಾಯಿಯ ವಿಚಾರವಾಗಿ ನನ್ನದೇ ಪಡಸಾಲೆಯಲ್ಲಿ ಪಂಚಾಯಿತಿ ಕೂತಿತ್ತು. ಕೂತವರಲ್ಲಿ ಒಬ್ಬರೂ ಆ ಬಾಯಿಯನ್ನು ಏನೂ ಕೇಳಲಿಲ್ಲ.

ನನ್ನ ಮೈದುನ ಮಲ್ಲಿಕಾರ್ಜುನಪ್ಪ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತಿದ್ದ. ಅವನ ಹೆಂಡತಿ ನಿರ್ಮಲಾ ಕಂಬಕ್ಕೆ ಒರಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಮಗ ಕಿರಣ್‌ಕುಮಾರ್ ಎಣ್ಣೆ ಮಿಲ್ಲಿನಿಂದ ಆಗಷ್ಟೇ ಬಂದವನು. ಶೇಂಗಾ ಹಿಂಡಿಯ ವಾಸನೆ ಅಡರಿದ ಅಂಗಿಯಲ್ಲೇ ತಲೆ ತಗ್ಗಿಸಿ ನಿಂತಿದ್ದ. ಸೊಸೆ ಶಶಿರೇಖಾ ಅಡುಗೆಮನೆಯ ಹೊಸಿಲೊಳಗೆ ಇದ್ದಳು. ಅವಳ ಕಾಲ್ಬೆರಳುಗಳು ಮಾತ್ರ ನನಗೆ ಕಾಣುತ್ತಿದ್ದವು. ಅವು ನೆಲವನ್ನು ಒತ್ತಿ ಹಿಡಿದಿದ್ದವು.

“ಅತ್ಗೆಮ್ಮ ಅದನ್ನ ತಿಂದ್ರೋ ಇಲ್ವೋ, ಅಷ್ಟು ಹೇಳು ಮೊದ್ಲು,” ಅಂದ ಮಲ್ಲಿಕಾರ್ಜುನಪ್ಪ. ಕೇಳಿದ್ದು ಹೆಂಡತಿಯನ್ನು. ನಾನು ಅವನ ಎದುರಿಗೇ ಗೋಡೆಗೆ ಒರಗಿ ಕೂತಿದ್ದೆ.

“ತಿಂದ್ರು. ನಾನೇ ಕಂಡಿದೀನಿ. ಒಂದಾದ್ಮೇಲೆ ಇನ್ನೊಂದು ಹಾಕಿಸ್ಕೊಂಡ್ರು,” ಅಂದಳು ನಿರ್ಮಲಾ.

“ಇನ್ನೊಂದು ಬೇರೆ!” ಅವನು ಹಣೆ ಚಚ್ಚಿಕೊಂಡ. “ಕೊರಳಾಗೆ ಲಿಂಗ ಕಟ್ಕೊಂಡು ಹಸುವಿನ ಕರದ ಕರುಳು ತಿಂದಂಗಾತಲ್ಲೋ ಕಿರಣ! ದಾವಣಗೆರೆಯಾಗೆ ತಿಳಿದೋರು ಹೇಳ್ಯಾರೆ. ಆ ಚೀಸ್ ಅನ್ನೋದು ಐತಲ್ಲ, ಅದನ್ನ ಹೆಪ್ಪು ಹಾಕೋದೇ ಎಳೇ ಕರದ ಹೊಟ್ಟೆಯಿಂದ ತೆಗೆದಿದ್ದರಾಗೆ. ನಿನ್ನ ಹೆಂಡ್ತಿ ನಿಮ್ಮವ್ವನ ಬಾಯಿಗೆ ಅದನ್ನ ಇಟ್ಟವಳೆ.”

ಕಿರಣ ಅಂಗಿಗೆ ಅಂಟಿದ್ದ ಹಿಂಡಿ ಕೊಡವಿಕೊಂಡ. ಚಿಕ್ಕಪ್ಪನ ಎದುರು ಅವನು ಯಾವತ್ತೂ ಏನೂ ಅಂದವನಲ್ಲ.

ನಾನೂ ಮಾತು ಕಡಿಮೆಯವಳೇ. ಕೇಳುವುದು ನನ್ನ ಕಸುಬು. ನನ್ನ ತವರು ದೊಡ್ಡಉಳ್ಳಾರ್ತಿ. ಅಪ್ಪ ಕಪಿಲೆ ಹೊಡೆಯುತ್ತ, ಎತ್ತುಗಳ ಹೆಜ್ಜೆಗೆ ಸರಿಯಾಗಿ ಪದ್ಯ ಹೇಳುತ್ತಿದ್ದ. ತೊಗಲಚೀಲ ಬಾವಿಯಿಂದ ಮೇಲೆ ಬಂದು ನೀರು ಸುರಿಯುವ ಹೊತ್ತಿಗೆ ಪದ್ಯ ಮುಗಿಯಬೇಕು. ಆಗ ಬದುವಿನ ಮೇಲೆ ಕೂತ ನಾನು “ಹೂಂ” ಅನ್ನಬೇಕು. ಅನ್ನದಿದ್ದರೆ ಎತ್ತು ನಿಲ್ಲಿಸಿಬಿಡುತ್ತಿದ್ದ. “ಕೇಳೋರಿಲ್ಲದ ಪದ್ಯ, ಕೆರೆ ಇಲ್ಲದ ಊರಿನ ಮಳೆ ಕಣವ್ವ” ಎನ್ನುತ್ತಿದ್ದ. ನನಗೆ ಅಕ್ಷರ ಬರುವುದಿಲ್ಲ. ಬಂದದ್ದೆಲ್ಲ ಕಿವಿಯಿಂದಲೇ.

ಚಳ್ಳಕೆರೆಗೆ ಸೊಸೆಯಾಗಿ ಬಂದ ಮೇಲೆ ಇಲ್ಲೂ ಅದೇ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಬೀದಿಯ ಗುಡಿಯಲ್ಲಿ ಶ್ರಾವಣ ಪೂರ್ತಿ ಸಂಜೆ ಪುರಾಣ ನಡೆಯುತ್ತದೆ. ಉಗ್ರಪ್ಪ ಮೇಷ್ಟ್ರು ರಾಗ ಎತ್ತಿ ಪದ್ಯ ಓದುತ್ತಾರೆ. ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಮುಗಿದ ಮೇಲೆ, ಕೂತವರೆಲ್ಲರ ಪರವಾಗಿ ಒಬ್ಬರು “ಹೂಂ” ಅನ್ನಬೇಕು. ಹೂಂ ಬೀಳದೆ ಮುಂದಿನ ಪದ್ಯ ಎತ್ತುವಂತಿಲ್ಲ. ಮೊದಲ ದಿನ ಯಾರ ಕೈಗೆ ವೀಳ್ಯ ಕೊಡುತ್ತಾರೋ, ಗ್ರಂಥ ಕಟ್ಟಿಡುವ ತನಕ ಹೂಂ ಅವರದೇ. ನಮ್ಮ ಅತ್ತೆ ತೀರಿಕೊಂಡ ವರುಷ ಆ ವೀಳ್ಯ ನನ್ನ ಕೈಗೆ ಬಂತು, ಆಮೇಲೆ ಬೇರೆ ಕೈಗೆ ಹೋಗಿಲ್ಲ. ಅರ್ಥ ಹೇಳುವವನು ಇದೇ ಮಲ್ಲಿಕಾರ್ಜುನಪ್ಪ. ನಾನು ಈ ಮನೆಗೆ ಬಂದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ನಾನೇ ಹಾಕುತ್ತಿದ್ದೆ.

ಪುರಾಣ ಮುಗಿದ ಮೇಲೆ ದಿನಕ್ಕೊಂದು ಮನೆಯವರು ಫಲಾರ ತರುತ್ತಾರೆ. ಮಂಡಕ್ಕಿಯೋ, ಕಡ್ಲೆ ಉಸಲಿಯೋ, ಅವರವರ ಕೈಲಾದದ್ದು. ಸಂಜೆಯವರೆಗೆ ಉಪವಾಸ ಇರುವ ಮೇಷ್ಟ್ರಿಗೆ ಮೊದಲ ತುತ್ತು, ಆಮೇಲೆ ಎಲ್ಲರಿಗೂ. ಮೂರನೆಯ ಸೋಮವಾರ ನಮ್ಮ ಮನೆಯದು, ಮಾವನವರ ಕಾಲದಿಂದಲೂ. ಎರಡು ಸಾವಿರದ ಐದರ ಆ ಶ್ರಾವಣದಲ್ಲಿ ಅದನ್ನು ಮಾಡಬೇಕಾದವಳು ಶಶಿರೇಖಾ. ಹೊಸ ಸೊಸೆ ಮೊದಲ ಸಲ ನಾಲ್ಕು ಜನಕ್ಕೆ ತನ್ನ ಕೈಯಾರೆ ಕೊಡುವ ದಿನ ಅದು. ಆ ಕೈಯಿಂದ ಜನ ತೆಗೆದುಕೊಂಡರೆ ಅವಳು ನಮ್ಮವಳಾದಳು ಎಂದು ಲೆಕ್ಕ.

ಆ ದಿನವನ್ನು ಕಿತ್ತುಕೊಳ್ಳಲೆಂದೇ ಅವನು ಕುರ್ಚಿ ಎಳೆದು ಕೂತಿದ್ದ.

ಆ ತಿಂಡಿಯ ಹೆಸರು ಕೆಸಡಿಯಾ. ಶಶಿರೇಖಾ ಮಧ್ಯಾಹ್ನದ ಟೀವಿಯಲ್ಲಿ ನೋಡಿ ಕಲಿತದ್ದು. ಎಲ್ಲೋ ದೂರದೇಶದ ಜನ ಮೆಕ್ಕೆಜೋಳದ ರೊಟ್ಟಿಯಲ್ಲಿ ಮಾಡುತ್ತಾರಂತೆ. “ಅತ್ತಮ್ಮ, ಇದು ನಿಮ್ಮ ಹಲ್ಲಿಗೆ ಸರಿ ಹೋಗ್ತದೆ” ಅಂದಳು. ಅವಳು ಮೊಳಕಾಲ್ಮೂರಿನ ರೇಷ್ಮೆ ನೇಯುವವರ ಮನೆಯವಳು, ಅವರ ಮನೆಯಲ್ಲಿ ಅರ್ಧ ಮಾತು ತೆಲುಗು. ನನ್ನ ಹಲ್ಲಿನ ವಿಚಾರ ಈ ಮನೆಯಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ. ದವಡೆ ಹಲ್ಲು ಹೋದಾಗಿನಿಂದ ನಾನು ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ನುಂಗುತ್ತಿದ್ದೆ. ರುಚಿ ಅನ್ನುವುದನ್ನು ಮರೆತೇಬಿಟ್ಟಿದ್ದೆ.

ನಾನು ಒಲೆಯ ಪಕ್ಕ ಕೂತು ನೋಡಿದೆ. ಗೋಧಿಹಿಟ್ಟಿಗೆ ಒಂದು ಹಿಡಿ ಮೆಕ್ಕೆಜೋಳದ ಹಿಟ್ಟು ಬೆರೆಸಿ, ಬಿಸಿನೀರಿನಲ್ಲಿ ಕಲಸಿ, ಒದ್ದೆಬಟ್ಟೆ ಮುಚ್ಚಿಟ್ಟಳು. ಅಲಸಂದಿ ಕಾಳು ಬೇಯಿಸಿ ಸೌಟಿನ ಬೆನ್ನಿನಿಂದ ಅರೆಬರೆ ಮಸೆದಳು. ಈರುಳ್ಳಿ, ದೊಣ್ಣೆಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಶೇಂಗಾ ಎಣ್ಣೆಯಲ್ಲಿ ಬಾಡಿಸಿ, ಜೀರಿಗೆ ಪುಡಿ, ಖಾರದಪುಡಿ, ಉಪ್ಪು ಹಾಕಿ ಕಾಳಿನ ಜೊತೆ ಕಲಸಿದಳು. ಚಪಾತಿಯನ್ನು ಅರೆ ಬೇಯಿಸಿ, ಕಾವಲಿಯ ಮೇಲೆಯೇ ಅದರ ಅರ್ಧಕ್ಕೆ ಈ ಪಲ್ಯ ಹರಡಿ, ಮೇಲೆ ಚೀಸ್ ತುರಿದು, ಉಳಿದರ್ಧವನ್ನು ಮಡಚಿ ಮುಚ್ಚಿದಳು. ಸೌಟಿನಿಂದ ಮೆಲ್ಲಗೆ ಒತ್ತಿದಳು.

“ಇಷ್ಟೇನಾ?” ಅಂದೆ.

“ಇಷ್ಟೇ ಅತ್ತಮ್ಮ. ಹೋಳಿಗೆಗಿಂತ ಸಲೀಸು. ಹೂರಣ ತುಂಬಿ ಲಟ್ಟಿಸೋದಿಲ್ಲ, ಮಡಚಿದ್ರೆ ಆತು. ಉರಿ ಮಾತ್ರ ಸಣ್ಣಗಿರ್ಬೇಕು. ಆತುರ ಮಾಡಿದ್ರೆ ಮೇಲೆ ಸೀಯ್ತದೆ, ಒಳಗಿಂದು ಕರಗಲ್ಲ.”

ಎರಡೂ ಮಗ್ಗುಲು ಕೆಂಪಗಾದ ಮೇಲೆ ಮುರಿದು ನನ್ನ ತಟ್ಟೆಗೆ ಹಾಕಿದಳು. ಮುರಿದ ಕಡೆಯಿಂದ ಬಿಳಿಯ ಎಳೆ ಎದ್ದಿತು, ಉದ್ದಕ್ಕೆ ಬಂತು, ಕಡಿಯಲೊಲ್ಲದು. “ತಡೀರಿ” ಅಂದು ಅದನ್ನು ಎರಡು ಬೆರಳಿಗೆ ಸುತ್ತಿ ಪಟ್ಟನೆ ಕಡಿದಳು. ರೇಷ್ಮೆಯ ಎಳೆ ಕಡಿದು ಕಡಿದು ಪಳಗಿದ ಬೆರಳು. ನಾನು ಬಾಯಿಗಿಟ್ಟೆ. ಮೆತ್ತಗೆ, ಖಾರವಾಗಿ, ಬಿಸಿಯಾಗಿ ಇತ್ತು. ಅಗಿದೆ. ಎಷ್ಟು ಕಾಲದ ಮೇಲೆ ನಾನು ಏನನ್ನಾದರೂ ಅಗಿದೆ! ಇನ್ನೊಂದು ಕೇಳಿ ಹಾಕಿಸಿಕೊಂಡೆ. ಹೌದು, ಕೇಳಿ ಹಾಕಿಸಿಕೊಂಡೆ.

ಆಗಲೇ ನಿರ್ಮಲಾ ಬಂದದ್ದು, ಗಿಣ್ಣಿನ ಬಟ್ಟಲು ವಾಪಸು ಒಯ್ಯಲು. ನಮಗೂ ಅವರಿಗೂ ಒಂದೇ ಗೋಡೆ. ಅವರ ಸೀಮೆಹಸು ಕರು ಹಾಕಿತ್ತು; ಮೊದಲ ಹಾಲಿನಲ್ಲಿ ಗಿಣ್ಣು ಕಾಯಿಸಿ ಬೀದಿಗೆಲ್ಲ ಹಂಚಿದ್ದರು. ಗಿಣ್ಣು ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ನಾನು ಒಂದು ಚೂರು ಬೆಲ್ಲ ಹಾಕು ಅನ್ನುವಷ್ಟರಲ್ಲಿ ಶಶಿರೇಖಾ ಬಿಸಿಬಿಸಿ ಎರಡು ಕೆಸಡಿಯಾ ಆ ಬಟ್ಟಲಿಗಿಟ್ಟು, “ಚಿಕ್ಕಮಾವಂಗೂ ಕೊಡ್ರಿ ಅತ್ತೆ, ಒಳಗೆ ಚೀಸ್ ಐತೆ, ಆರೋದ್ರಾಗೆ ತಿನ್ಬೇಕು” ಅಂದಳು. ಹುಡುಗಿಗೆ ಅಷ್ಟು ಖುಷಿ.

ಆ ಬಟ್ಟಲೇ ತಿರುಗಿ ಪಂಚಾಯಿತಿಯಾಗಿ ಬಂತು.

“ನಮ್ಮನೇಗೂ ಕಳ್ಸವಳೆ!” ಅನ್ನುತ್ತಿದ್ದ ಮಲ್ಲಿಕಾರ್ಜುನಪ್ಪ. “ಬಟ್ಲಾಗೆ ಬಂದಿದ್ದೊಂದನ್ನ ತಿಪ್ಪೆಗೆ ಎಸೆದು, ಬಟ್ಲಿಗೆ ಬೂದಿ ಹಚ್ಚಿ ತಿಕ್ಕಿಸ್ದೆ.”

ನಿರ್ಮಲಾ ಸೆರಗು ಸುತ್ತುವುದನ್ನು ನಿಲ್ಲಿಸಿ ನೆಲ ನೋಡಿದಳು.

ಹೊಸಿಲೊಳಗಿನಿಂದ ಶಶಿರೇಖಾ ಮೆಲ್ಲಗೆ ಅಂದಳು: “ಚಿಕ್ಕಮಾವ, ಎಲ್ಲಾ ಚೀಸೂ ಹಂಗಲ್ಲ. ನಾನು ತಂದಿರೋದ್ರ ಮೇಲೆ...”

“ನಿನ್ನ ಕೇಳ್ದೆನಾ?”

“ಹೋಗ್ಲಿ, ಅದು ಬೇಡ ಅಂದ್ರೆ ಮನೇ ಹಾಲಿಗೇ ನಿಂಬೆಹಣ್ಣು ಹಿಂಡಿ...”

“ಹಾಲು ಒಡೆಸ್ತೀಯಾ? ಶ್ರಾವಣದಾಗೆ, ಬೇಕೂ ಅಂತ?” ಅವನು ಎದ್ದೇ ನಿಂತ. “ಹಾಲು ಒಡೆದ ಮನೆ ಉಳೀತದಾ? ಕೇಳಿಸ್ಕೊಂಡೇನೋ ಕಿರಣ, ನಿನ್ನ ಹೆಂಡ್ತಿ ಮಾತಾ?”

ಆಗ ನನಗೆ ಅರ್ಥವಾಯಿತು. ಅಡ್ಡ ಬರುತ್ತಿದ್ದುದು ಚೀಸ್ ಅಲ್ಲ. ಅವಳು ಬರೀ ನೀರು ಕಾಯಿಸಿ ಕೊಟ್ಟರೂ ಅವನು ಅದರಲ್ಲೊಂದು ಹುಳ ಹುಡುಕುತ್ತಿದ್ದ. ಮದುವೆ ಮಾತಿಗೆ ಮೊಳಕಾಲ್ಮೂರಿಗೆ ಹೋದಾಗಲೇ ನಾನು ಇದನ್ನು ಕಂಡಿದ್ದೆ. ಶಶಿರೇಖಾಳ ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು, ಕೈಕಾಲು ತೊಳೆದು, ನಮಗೆಲ್ಲ ಎಲೆ ಹಾಕಿಸಿದರು. ಅವರೂ ಲಿಂಗ ಕಟ್ಟಿದವರೇ. ಆದರೆ ನೇಯುವವರು, ಮಾತು ತೆಲುಗು ಬೆರೆತದ್ದು, ಮದುವೆ ಹುಡುಗ ಹುಡುಗಿ ಒಪ್ಪಿ ಕೂಡಿಸಿದ್ದು. ಇವನು ಎಲೆಯ ಮುಂದೆ ಕೂತು ಒಂದು ಬಾಳೆಹಣ್ಣು ಮಾತ್ರ ಸುಲಿದು ತಿಂದ. ವಾಪಸು ಬರುವ ಬಸ್ಸಿನಲ್ಲಿ, “ಬಾಳೆಹಣ್ಣಿಗೆ ಸಿಪ್ಪೆ ಇರ್ತದೆ ನೋಡ್ರಿ, ಒಳಗಿಂದನ್ನ ಯಾರೂ ಮುಟ್ಟಿರಲ್ಲ” ಎಂದು ನಕ್ಕ. ಬೀಗರು ಕೈಮುಗಿದು ನಿಂತದ್ದು ನನ್ನ ಕಣ್ಣಲ್ಲಿತ್ತು. ಆ ದಿನ ನನ್ನ ಹೊಟ್ಟೆಯೊಳಗೆ ಬಿದ್ದ ಕಿಡಿ ಆರಿರಲಿಲ್ಲ.

“ಮೂರನೇ ಸೋಮವಾರದ ಫಲಾರ ನಮ್ಮನೆಯಿಂದ ಬರ್ತದೆ,” ಅವನು ಹೆಗಲ ಮೇಲಿನ ಟವೆಲು ಕೊಡವಿದ. “ಮೇಷ್ಟ್ರು ಉಪವಾಸ ಇದ್ದು ಓದೋರು. ಅವರ ಬಾಯಿಗೆ ಎಂಥದ್ದೋ ಹೋಗೋದು ಬೇಡ. ಅತ್ಗೆಮ್ಮ ಒಂದು ವಾರ ವಿಭೂತಿ ನೀರು ತಗೊಳ್ಳಲಿ, ಬಾಯಿ ಮಡಿ ಆಗ್ತದೆ.”

ಅಷ್ಟು ಹೇಳಿ ಹೋದ. ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗಿಯೇ ಬಿಟ್ಟು ಹೋದ.

ಕಿರಣ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. “ಹೋಗ್ಲಿ ಬಿಡವ್ವ. ಸುಮ್ನೆ ಗಲಾಟೆ ಯಾಕೆ? ಮುಂದಿನ ವರ್ಷ ಮಾಡಿದ್ರಾತು.”

“ಮುಂದಿನ ವರ್ಷಕ್ಕೆ ಹೊಸ ಸೊಸೆ ಆಗಿರ್ತಾಳೇನೋ?” ಅಂದೆ.

ಅವನು ಸ್ನಾನಕ್ಕೆ ಎದ್ದು ಹೋದ.

ನನ್ನೊಳಗೆ ಭಯ ಇರಲಿಲ್ಲ ಎಂದು ಹೇಳಲಾರೆ. ಕೊರಳಿಗೆ ಲಿಂಗ ಬಿದ್ದಾಗಿನಿಂದ ಈ ಬಾಯಿಗೆ ಏನು ಹೋಗುತ್ತದೆ ಎಂದು ನೋಡಿಕೊಂಡೇ ಬದುಕಿದವಳು. ಮರುದಿನ ಪೂಜೆ ಮುಗಿಸಿ ನೆಟ್ಟಗೆ ಅಡುಗೆಮನೆಗೆ ಹೋದೆ.

“ಶಶೀ, ನನ್ನ ಮುಖ ನೋಡಿ ಹೇಳು. ಅದ್ರಾಗೆ ಕರದ್ದು ಏನಾರ ಇತ್ತಾ?”

ಹಿಂದಿನ ಸಂಜೆ ಇಷ್ಟೆಲ್ಲ ಆದರೂ ಅಳದ ಹುಡುಗಿ ಈಗ ಕಣ್ಣು ತುಂಬಿಕೊಂಡಳು. “ಈ ಮಾತು ಕೇಳಿದೋರು ನೀವೊಬ್ರೇ ಅತ್ತಮ್ಮ.” ತೊಳೆದು ಇಟ್ಟಿದ್ದ ಚೀಸ್ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. ಹಸಿರು ಚೌಕದೊಳಗೆ ಒಂದು ಹಸಿರು ಚುಕ್ಕೆ. “ಪ್ರಾಣಿದು ಏನಾರ ಸೇರಿದ್ರೆ ಈ ಗುರುತು ಹಾಕಂಗಿಲ್ಲ. ಹೊರದೇಶದ್ದು ಕೆಲವು ಚಿಕ್ಕಮಾವ ಹೇಳಿದಂಗೇ ಮಾಡ್ತಾರೆ, ಅದು ನಿಜ. ಇದನ್ನ ಗಿಡದಿಂದ ತೆಗೆದಿದ್ದರಾಗೋ, ಪ್ರಾಣಿದಲ್ಲದ ಇನ್ನೊಂದ್ರಾಗೋ ಹೆಪ್ಪು ಹಾಕ್ತಾರೆ. ನೋಡದಂಗೆ ತರ್ತೀನಾ? ನಮ್ಮಪ್ಪನೂ ದಿನಾ ಲಿಂಗಪೂಜೆ ಮಾಡಿ ಮಗ್ಗಕ್ಕೆ ಇಳಿಯೋರು.”

ಅಕ್ಷರ ಬಾರದ ನನಗೆ ಹಸಿರು ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ ಅವಳ ದನಿ ಕೇಳುತ್ತದೆ. ಸುಳ್ಳು ಹೇಳುವ ದನಿ ಪದದ ಕೊನೆಯಲ್ಲಿ ಜಾರುತ್ತದೆ, ಲಯ ತಪ್ಪಿದ ಪದ್ಯದ ಹಾಗೆ. ಇವಳದು ಜಾರಲಿಲ್ಲ.

ಭಯ ಹೋಯಿತು. ಭಯ ಇದ್ದ ಜಾಗವನ್ನೂ ಸಿಟ್ಟೇ ಹಿಡಿಯಿತು.

ಸೋಮವಾರ ಬೆಳಿಗ್ಗೆ ಅವಳು ಕಡ್ಲೆಕಾಳು ನೆನೆಹಾಕಲು ಹೋದಳು. “ಉಸಲಿ ಮಾಡಿ ಕೊಡ್ತೀನಿ ಅತ್ತಮ್ಮ. ಉಸಲಿಗೆ ಯಾರೂ ಏನೂ ಅನ್ನಾಕಾಗಲ್ಲ.”

“ಎತ್ತಿಡು ಆ ಕಾಳನ್ನ.”

“ಮತ್ತೆ?”

“ಮೊನ್ನೆ ಮಾಡಿದ್ದನ್ನೇ ಮಾಡು. ಆ ಹಸಿರು ಚುಕ್ಕೇದೇ ಹಾಕಿ ಮಾಡು. ತಪ್ಪು ಮಾಡದೋರು ಯಾಕೆ ತಿದ್ಕೋಬೇಕು?”

ಅವಳು ಕಾಳನ್ನು ಡಬ್ಬಿಗೆ ಸುರಿದು ಮುಚ್ಚಿದಳು. ಆಮೇಲೆ ಹಿಟ್ಟು ನಾದಲು ಕೂತಳು. ಸಂಜೆಯ ಹೊತ್ತಿಗೆ ಬುಟ್ಟಿ ತುಂಬಿತು. ಮುತ್ತುಗದೆಲೆ ಹಾಸಿ, ಮೂರು ಮೂರು ತುಂಡು ಮಾಡಿ ಜೋಡಿಸಿ, ಬಿಳಿ ಬಟ್ಟೆ ಮುಚ್ಚಿದಳು. ಕಿರಣ ಅದನ್ನು ನೋಡಿ, “ಅವ್ವ, ಗುಡಿಗೆ ಒಯ್ಯಬ್ಯಾಡ್ರಿ, ಕೈಮುಗೀತೀನಿ” ಅಂದ. ಶಶಿರೇಖಾ, “ನಾನು ಬರಲ್ಲ ಬಿ‌ಡ್ರಿ” ಅಂದು ಒಳಗೆ ಹೋದಳು. ಅವಳೇ ಕೈಯಾರೆ ಕೊಡಬೇಕಾದ ಬುಟ್ಟಿ ಒಲೆಯ ಕಟ್ಟೆಯ ಮೇಲೆಯೇ ಉಳಿಯಿತು. ನಾನು ಬರಿಗೈಯಲ್ಲಿ ಗುಡಿಗೆ ನಡೆದೆ. ದಾರಿಯುದ್ದಕ್ಕೂ ಪಂಚಾಕ್ಷರಿ ಹೇಳಿಕೊಂಡೆ. ನಡುನಡುವೆ ನನ್ನ ಹಲ್ಲೇ ಕಟಕಟಿಸಿ ಅದನ್ನು ಕೆಡಿಸುತ್ತಿತ್ತು.

ಗುಡಿಯ ಪಡಸಾಲೆ ತುಂಬಿತ್ತು. ನಿರ್ಮಲಾ ಮಂಡಕ್ಕಿಯ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಉಗ್ರಪ್ಪ ಮೇಷ್ಟ್ರು ಬಟ್ಟೆ ಬಿಚ್ಚಿ ಗ್ರಂಥ ಹೊರತೆಗೆದರು. ಮುದಿ ಗಂಟಲು, ಹಸಿದ ಹೊಟ್ಟೆ. ಆದರೂ ರಾಗ ಎತ್ತಿದರೆ ಎಣ್ಣೆ ಹಾಕಿದ ರಾಟೆಯಂತೆ ತಿರುಗುತ್ತದೆ.

ಆ ಸಂಜೆಯ ಭಾಗ ಇದು: ಹಸಿದು ಬಂದ ಜಂಗಮನೊಬ್ಬ ಊರಾಚೆಯ ಗುಡಿಸಲಿನ ಮುಂದೆ ನಿಲ್ಲುತ್ತಾನೆ. ಗುಡಿಸಲಿನವಳ ಹತ್ತಿರ ಅಂಬಲಿ ಬಿಟ್ಟು ಬೇರೇನಿಲ್ಲ. ಅದನ್ನೇ ನೀಡುತ್ತಾಳೆ. ಅವನು ಕುಡಿದು “ತಣಿದೆ ತಾಯೆ” ಅನ್ನುತ್ತಾನೆ. ಅಷ್ಟೇ ಪದ್ಯ. ವರ್ಷ ವರ್ಷ ಕೇಳಿದ್ದೇನೆ. ಆ “ತಣಿದೆ” ಎಂಬಲ್ಲಿ ಮೇಷ್ಟ್ರ ದನಿ ಇಳಿಯುವಾಗ ವರ್ಷ ವರ್ಷವೂ ನನ್ನ ಕಣ್ಣು ಒದ್ದೆಯಾಗುತ್ತದೆ.

ಮಲ್ಲಿಕಾರ್ಜುನಪ್ಪ ಗಂಟಲು ಸರಿಮಾಡಿಕೊಂಡ.

“ಅಂಬಲಿ ಕುಡಿದ ಅಂದ್ರೆ, ಸುಮ್ನೆ ಕುಡಿದ್ನೇನ್ರಿ? ಇಲ್ಲ. ಮೊದ್ಲು ಗಡಿಗೆ ತೊಳೆಸಿದ. ನೀನು ಯಾರ ಪೈಕಿ ಅಂತ ಕೇಳಿದ. ಎಲ್ಲಾ ಶುದ್ಧ ಐತೆ ಅಂತ ಖಾತ್ರಿ ಆದ್ಮೇಲೆ ಬಾಯಿಗಿಟ್ಟ. ಇದರ ತಾತ್ಪರ್ಯ ಏನಪಾ ಅಂದ್ರೆ, ಕೊಡೋ ಕೈ ಯಾವ್ದು ಅಂತ ನೋಡದೆ ತಗೋಬಾರ್ದು. ಈಗಿನ ಕಾಲದಾಗೆ ನೋಡ್ರಿ, ಎಲ್ಲೆಲ್ಲಿಂದಲೋ ಬಂದ ಸೊಸೆದೀರು ಎಂತೆಂಥದೋ ತಂದು ಹಿರೇರ ಬಾಯಿಗೆ ಇಡ್ತಾರೆ. ಹಿರೇರೂ ಚಪಲಕ್ಕೆ ತಿಂತಾರೆ.”

ಕೆಲವರು ನನ್ನ ಕಡೆ ತಿರುಗಿದರು. ಸುದ್ದಿ ಆಗಲೇ ಬೀದಿ ಸುತ್ತಿತ್ತು.

ಅರ್ಥ ಮುಗಿಯಿತು. ನನ್ನ ಸರದಿ ಬಂತು.

ನಾನು ಬಾಯಿ ತೆರೆಯಲಿಲ್ಲ.

ಮೇಷ್ಟ್ರು ಮುಂದಿನ ಪದ್ಯಕ್ಕೆ ಬೆರಳಿಟ್ಟು ಕಾಯುತ್ತಿದ್ದರು. ದೀಪದ ಬತ್ತಿ ಚಿಟಚಿಟ ಅಂದಿತು. ಹಿಂದಿನ ಸಾಲಿನ ಮಗುವೊಂದು ಆಕಳಿಸಿದ್ದೂ ಕೇಳಿಸಿತು.

“ಜಯಕ್ಕ ನಿದ್ದೆ ಹೋಗೈತೇನೋ ನೋಡ್ರಪ್ಪಾ,” ಅಂದ ಗಂಟೆ ಹೊಡೆಯುವ ದುರುಗಣ್ಣ.

ಪಕ್ಕದಲ್ಲಿದ್ದ ಸೂರಮ್ಮ ಬಗ್ಗಿ ನನ್ನ ಮುಖ ನೋಡಿದಳು. “ನಿದ್ದೆ ಎಲ್ಲಿ ಬಂತು, ಕಣ್ಣು ಕೆಂಡ ಆಗೈತೆ.”

“ಹಂಗಾದ್ರೆ ನಾನೇ ಅಂತೀನಿ. ಹೂಂ!” ಅಂದ ದುರುಗಣ್ಣ.

“ನಿಂಗೆ ವೀಳ್ಯ ಕೊಟ್ಟೋರು ಯಾರಲೇ?” ಅಂದರು ಮೇಷ್ಟ್ರು. ಜನ ನಕ್ಕರು. ನಗು ನಿಂತ ಮೇಲೆ ಅವರು ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು. “ಯಾಕೆ ಜಯಕ್ಕ? ಓದಿನಾಗೆ ಏನಾರ ತಪ್ಪಾತಾ?”

“ನೀವು ಓದಿದ್ದಕ್ಕೆ ನನ್ನ ಹೂಂ ಐತೆ ಮೇಷ್ಟ್ರೇ,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಇವನು ಹೇಳಿದ್ದಕ್ಕೆ ಇಲ್ಲ.”

“ಅತ್ಗೆಮ್ಮ!” ಮಲ್ಲಿಕಾರ್ಜುನಪ್ಪ ಮುಂದಕ್ಕೆ ಬಾಗಿದ. “ಹಿರೇರು ನೀವು. ಮನೆ ಮಾತು ಗುಡಿಯಾಗೆ ತರಬ್ಯಾಡ್ರಿ.”

“ತಂದೋನು ನೀನಪ್ಪ. ಗಡಿಗೆ ತೊಳೆಸಿದ್ದು ಪದ್ಯದಾಗೆ ಎಲ್ಲೈತೆ?”

“ಅದು ಒಳ ಅರ್ಥ. ನಿಮಗೆ ತಿಳಿಯಾಕಿಲ್ಲ.”

“ಒಳ ಅರ್ಥನಾ? ಹಂಗಾದ್ರೆ ನಿನ್ನ ಗಿಣ್ಣಿನ ಒಳ ಅರ್ಥನೂ ಹೇಳಿಬಿಡು.” ಒಂದು ಸಲ ಬಾಯಿ ತೆರೆದ ಮೇಲೆ ಮಾತು ತಾನೇ ಬಂತು, ಚೀಲ ತುಂಬಿ ಮೇಲೆ ಬಂದ ನೀರಿನ ಹಾಗೆ. “ನಿನ್ನ ಹಸು ಕರು ಹಾಕ್ತಲ್ಲ, ಆವಾಗ ಆ ಕರನ್ನ ತಾಯಿಯಿಂದ ದೂರ ಕಟ್ಟಿ ಹಾಲು ಕರ್ದೆ. ಎರಡು ದಿನ ಗೋಡೆ ಆಚೆ ಅದು ಅರಚಿದ್ದು ನನ್ನ ಕಿವಿಯಾಗೆ ಇನ್ನೂ ಐತೆ. ಅದರ ಬಾಯಿಂದ ಕಿತ್ಕೊಂಡಿದ್ದನ್ನ ಬೆಲ್ಲ ಏಲಕ್ಕಿ ಹಾಕಿ ತಿಂದೆ. ನಾನೂ ತಿಂದೆ, ಇಲ್ಲ ಅನ್ನಲ್ಲ. ಆವಾಗ ನಿನ್ನ ಲಿಂಗ ಎಲ್ಲಿತ್ತು? ನನ್ನ ಲಿಂಗ ಎಲ್ಲಿತ್ತು? ಕಣ್ಣ ಮುಂದಿನ ಕರದ ಹೊಟ್ಟೆ ಕಾಣ್ದೋನಿಗೆ, ನನ್ನ ಸೊಸೆ ಅಡುಗೆಯಾಗೆ ಇಲ್ದಿರೋ ಕರದ ಹೊಟ್ಟೆ ಕಂಡುಬಿಡ್ತಾ?”

ಮಲ್ಲಿಕಾರ್ಜುನಪ್ಪನ ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿಯ ಬಣ್ಣ ತಿರುಗಿತು. “ಹೆಂಗಸರ ಮಾತಿಗೆ...” ಎಂದು ಶುರುಮಾಡಿ ಸುತ್ತ ನೋಡಿದ. ಅರ್ಧ ಗುಡಿ ಹೆಂಗಸರೇ ಇದ್ದರು. ಮಾತನ್ನು ಅಲ್ಲಿಗೇ ಬಿಟ್ಟ.

“ನನ್ನ ಬಾಯಿಗೆ ವಿಭೂತಿ ನೀರು ಹೇಳಿದ್ಯಲ್ಲ,” ಅಂದೆ. “ತಗೊಂಡು ಬಂದೇ ಮಾತಾಡ್ತಿದೀನಿ. ಮೇಷ್ಟ್ರೇ, ಆ ಪದ್ಯ ಇನ್ನೊಂದ್ಸಲ ಓದ್ರಿ.”

ಮೇಷ್ಟ್ರು ಓದಿದರು. ಗುಡಿಸಲು, ಹಸಿವು, ಅಂಬಲಿ. “ತಣಿದೆ ತಾಯೆ” ಎಂಬಲ್ಲಿ ದನಿ ಇಳಿಯಿತು. ನಿಲ್ಲಿಸಿದರು. ಅರ್ಥಕ್ಕಾಗಿ ಯಾರ ಕಡೆಗೂ ನೋಡಲಿಲ್ಲ.

“ಹೂಂ,” ಅಂದೆ.

ಆ ಸಂಜೆಯ ಉಳಿದ ಪದ್ಯಗಳೆಲ್ಲ ಹಾಗೆಯೇ ಸಾಗಿದವು. ಓದು, ಹೂಂ. ಓದು, ಹೂಂ. ಮಲ್ಲಿಕಾರ್ಜುನಪ್ಪ ಮೊಣಕಾಲಿನ ಮೇಲಿನ ಟವೆಲಿನ ಮಡಿಕೆ ಸರಿಮಾಡುತ್ತ ಕೂತಿದ್ದ. ಎದ್ದು ಹೋದರೆ ಸೋತಂತೆ ಎಂದುಕೊಂಡನೇನೋ.

ಗ್ರಂಥ ಮುಚ್ಚಿ ಮೇಷ್ಟ್ರು ಕೇಳಿದರು: “ಇವತ್ತು ಮೂರನೇ ಸೋಮವಾರ. ಜಯಕ್ಕನ ಮನೆ ಫಲಾರ ಅಲ್ವೇನ್ರಿ? ಎಲ್ಲಿ?”

ಎಲ್ಲರೂ ನಿರ್ಮಲಾಳ ಬುಟ್ಟಿ ನೋಡಿದರು. ಅವಳು ಗಂಡನ ಕಡೆ ನೋಡದೆ ಆ ಬುಟ್ಟಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿದಳು. “ಇದು ನಮ್ದು. ನಾಳೆಗಾತದೆ. ಮಂಡಕ್ಕಿ ಕೆಡಲ್ಲ.”

ನನ್ನ ಹಿಂದೆಯೇ ಬಂದು ಬಾಗಿಲ ಬಳಿ ನಿಂತಿದ್ದ ಕಿರಣನನ್ನು ನೋಡಿದೆ. ಬರೀ ನೋಡಿದೆ. ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ಅವರು ಬರುವವರೆಗೆ ಜನ ಕಾದರು. ಬುಟ್ಟಿ ಹೊತ್ತು ಮುಂದೆ ಬಂದವನು ಕಿರಣ. ಹಿಂದೆ ಶಶಿರೇಖಾ, ಅವಸರದಲ್ಲಿ ಉಟ್ಟ ಮೊಳಕಾಲ್ಮೂರು ಸೀರೆಯ ನೆರಿಗೆ ಇನ್ನೂ ಕೈಯಲ್ಲಿ ಹಿಡಿದು. ದೇವರಿಗೆ ತೋರಿಸಿ ಆದ ಮೇಲೆ ಅವಳು ಮೇಷ್ಟ್ರ ಮುಂದೆ ಮಂಡಿಯೂರಿದಳು. ತುಂಡು ಎತ್ತಿದಳು, ಆದರೆ ಎಲೆಗೆ ಹಾಕಲಿಲ್ಲ.

“ತಾತ, ಮೊದ್ಲು ಕೇಳ್ರಿ. ಇದ್ರಾಗೆ ಅಲಸಂದಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿ ಐತೆ. ಚೀಸ್ ಐತೆ. ಹಸಿರು ಗುರುತು ನೋಡೇ ತಂದಿದೀನಿ, ಪ್ರಾಣಿದು ಏನೂ ಸೇರಿಲ್ಲ. ಆದ್ರೂ ನಿಮ್ಮ ಮನಸ್ಸಿಗೆ ಬೇಡ ಅನ್ನಿಸಿದ್ರೆ ಬೇಡ ಅನ್ರಿ, ನಂಗೆ ಬೇಜಾರಿಲ್ಲ.”

ಮೇಷ್ಟ್ರು ಅವಳನ್ನೂ ತುಂಡನ್ನೂ ನೋಡಿದರು. “ಗುರುತು ನೀನು ನೋಡಿದೀಯ, ಹಸಿವು ನಾನು ನೋಡ್ತಾ ಇದೀನಿ. ಹಾಕವ್ವ.”

ತಿಂದರು. ನಾವೆಲ್ಲ ಅವರ ದವಡೆಯನ್ನೇ ನೋಡುತ್ತಿದ್ದೆವು.

“ಆರಿಬಿಟ್ಟೈತೆ,” ಅಂದರು.

“ಬಿಸಿ ಇದ್ರೆ ಎಳೆ ಬರ್ತದೆ ತಾತ,” ಅಂದಳು, ಮುಖ ಸಣ್ಣದು ಮಾಡಿಕೊಂಡು.

“ಹಂಗಾದ್ರೆ ಒಂದಿನ ಮನೇಗೇ ಬರ್ತೀನಿ, ಕಾವಲಿ ಪಕ್ಕನೇ ಕೂರ್ತೀನಿ. ಈಗ ಇನ್ನೊಂದು ಹಾಕು.”

ಆಮೇಲೆ ಸಾಲು ಹಿಡಿದು ಹಂಚಿದಳು. ಜನ ಬೆಳಿಗ್ಗೆ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಿದ್ದರು. ತುಂಡನ್ನು ಇನ್ನೆರಡು ಮಾಡಿ ಕೊಟ್ಟಳು. ದುರುಗಣ್ಣ ತನ್ನದನ್ನು ಬೆಳಕಿಗೆ ಹಿಡಿದು ತಿರುಗಿಸಿ, “ಇದೇನಲೇ, ಹೋಳಿಗೆಗೂ ಬೋಂಡಕ್ಕೂ ಹುಟ್ಟಿದ್ದು!” ಅಂದು ಬಾಯಿಗೆ ಹಾಕಿಕೊಂಡ. ನಿರ್ಮಲಾ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಶಶಿರೇಖಾಳನ್ನು ಹತ್ತಿರಕ್ಕೆ ಎಳೆದು ಕಿವಿಯಲ್ಲಿ ಅಂದದ್ದು ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು: “ಮೊನ್ನೆ ಬಟ್ಲಾಗೆ ಎರಡಿದ್ವಲ್ಲ, ತಿಪ್ಪೆಗೆ ಹೋಗಿದ್ದು ಒಂದೇ ಕಣೆ. ನಿಮ್ಮ ಚಿಕ್ಕಮಾವಂಗೆ ಹೇಳ್ಬ್ಯಾಡ.”

ಕೊನೆಗೆ ಮಲ್ಲಿಕಾರ್ಜುನಪ್ಪ. ಗುಡಿಯ ಫಲಾರ ಬೇಡ ಅನ್ನುವಂತಿಲ್ಲ. ಅದನ್ನು ಇತರರಿಗೆ ಹೇಳುತ್ತ ಬಂದವನೂ ಅವನೇ. ಕೈ ಚಾಚಿದ. ಅವಳು ಇಟ್ಟಳು. ಅವನು ಬಾಯಿಗೆ ಹಾಕಲಿಲ್ಲ, ಎಸೆಯಲೂ ಇಲ್ಲ. ಮುಷ್ಟಿ ಬಿಗಿದುಕೊಂಡು ಮೆಟ್ಟಿಲಿಳಿದು ಹೋದ. ಆ ಮುಷ್ಟಿ ಮನೆಯಲ್ಲಿ ತೆರೆಯಿತೋ, ದಾರಿಯ ಬೇಲಿಯ ಮಗ್ಗುಲಲ್ಲಿ ತೆರೆಯಿತೋ ನನಗೆ ತಿಳಿಯದು. ಬಾಳೆಹಣ್ಣಿನ ಹಾಗೆ ಅದಕ್ಕೆ ಸಿಪ್ಪೆ ಇರಲಿಲ್ಲ, ಅಷ್ಟು ಗೊತ್ತು.

ನನ್ನ ಸಿಟ್ಟು ಆ ಸಂಜೆಗೇ ಇಳಿಯಿತು ಎಂದು ಯಾರೂ ತಿಳಿಯಬೇಡಿ. ಬೀಗರು ಕೈಮುಗಿದು ನಿಂತದ್ದು ಇನ್ನೂ ನನ್ನ ಕಣ್ಣಲ್ಲಿದೆ. ಮರುದಿನ ಅವನು ಮತ್ತೆ ಅರ್ಥ ಹೇಳಲು ಬಂದು ಕೂತ, ಏನೂ ಆಗದವನಂತೆ. ಮೇಷ್ಟ್ರು ಓದಿದರು. ಅವನು ಅರ್ಥ ಹೇಳಿದ, ಚಿಕ್ಕದಾಗಿ, ಪದ್ಯದಲ್ಲಿ ಇದ್ದಷ್ಟೇ. ಹೇಳಿ ಮುಗಿಸಿ ನನ್ನ ಕಡೆ ನೋಡಿದ.

ನಾನು ಕೇಳಿದ್ದನ್ನು ಮನಸ್ಸಿನಲ್ಲಿ ಇನ್ನೊಂದು ಸಲ ಕೇಳಿಕೊಂಡೆ. ಅವನು ಕಾದ.

ಆಮೇಲೆ ಹೂಂ ಅಂದೆ.